ಹಾಲು-ಮೊಸರು ಬಿಟ್ಟ ಮೇಲೆ ಮನೆಯವರ ಜೊತೆ ಮಾತಾಡುವಾಗ ಸಿಟ್ಟು ತಡೆಯುವುದು ಹೇಗೆ?

ಸಾಧನಕೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ವಯಸ್ಸು 27. ಎರಡು ವರ್ಷದಿಂದ ಹಾಲು, ಮೊಸರು, ತುಪ್ಪ, ಜೇನು ಎಲ್ಲ ಬಿಟ್ಟಿದ್ದೇನೆ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿಂದಲೂ ಇಲ್ಲ. ಊಟದ್ದು ಕಷ್ಟವೇ ಆಗಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಇದ್ದರೆ ನನಗೆ ಬೇರೆ ಏನೂ ಬೇಡ. ಕಷ್ಟ ಆಗುತ್ತಿರುವುದು ಮಾತಿನದು.

ಹೋದ ತಿಂಗಳು ಹಾವೇರಿಯಲ್ಲಿ ಸಂಬಂಧಿಕರ ನಿಶ್ಚಿತಾರ್ಥ ಇತ್ತು. ಪಂಕ್ತಿಯಲ್ಲಿ ಕೂತಿದ್ದೆ. ಹೋಳಿಗೆ ಮೇಲೆ ತುಪ್ಪ ಬೇಡ ಅಂದೆ. ಬಡಿಸುವವರು ಏನೂ ಅನ್ನದೆ ಮುಂದೆ ಹೋದರು. ಎದುರಿಗೆ ಕೂತಿದ್ದ ಕಾಕಾ ಬಿಡಲಿಲ್ಲ. "ಧಾರವಾಡದಾಗ ಹುಟ್ಟಿ ಪೇಢಾ ತಿನ್ನೂದಿಲ್ಲಂದ್ರ ಹೆಂಗಪಾ" ಅಂತ ಶುರು ಮಾಡಿದರು. ಆಮೇಲೆ ಇದೆಲ್ಲ ಫಾರಿನ್ ಶೋಕಿ, ಗಿಡಕ್ಕೂ ಜೀವ ಇಲ್ವಾ, ನಿನ್ನ ಕಾಲಾಗಿನ ಚಪ್ಪಲಿ ಯಾವುದರದು, ಹೀಗೆ ಒಂದರ ಹಿಂದೆ ಒಂದು. ಸುತ್ತ ಕೂತವರು ನಗುತ್ತಿದ್ದರು. ಮೊದಲ ಎರಡಕ್ಕೆ ಸರಿಯಾಗಿಯೇ ಉತ್ತರ ಕೊಟ್ಟೆ. ಆಮೇಲೆ ಕಿವಿ ಬಿಸಿಯಾಯಿತು, ದನಿ ಏರಿತು, "ಕರುವಿನ ಬಾಯಿಂದ ಕಿತ್ತುಕೊಂಡು ಕುಡಿಯುವವರು ನೀವು, ನಾಚಿಕೆ ಆಗಲ್ವಾ" ಅಂತ ಜೋರಾಗಿ ಅಂದುಬಿಟ್ಟೆ.

ಕಾಕಾಗೆ ಏನೂ ತಟ್ಟಲಿಲ್ಲ. ಅವರ ಪಕ್ಕದಲ್ಲಿ ನಮ್ಮ ಅತ್ತೆ ಕೂತಿದ್ದರು, ಅಪ್ಪನ ಅಕ್ಕ. ಶಿಗ್ಗಾಂವಿ ಕಡೆಯ ಹಳ್ಳಿಯಲ್ಲಿ ಮೂರು ಎಮ್ಮೆ ಕಟ್ಟಿಕೊಂಡು, ಗಂಡ ತೀರಿಕೊಂಡ ಮೇಲೆ ಡೇರಿಗೆ ಹಾಲು ಹಾಕಿಯೇ ಇಬ್ಬರು ಮಕ್ಕಳನ್ನು ಓದಿಸಿದವರು. ನಾನು ಚಿಕ್ಕವನಿದ್ದಾಗ ರಜೆಗೆ ಹೋದರೆ ಕೆನೆಮೊಸರು ನನಗೇ ಅಂತ ತೆಗೆದಿಡುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದರು. ಅವತ್ತಿನಿಂದ ಫೋನ್ ಮಾಡಿದರೆ "ಆರಾಮ್ ಅದೀನಿ" ಅಂತ ಇಟ್ಟುಬಿಡುತ್ತಾರೆ.

ನಾನು ನಂಬಿರುವುದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಆ ಮಾತು ಯಾರಿಗೆ ಹೋಗಿ ತಾಗಿತು ನೋಡಿ. ಒಪ್ಪದವರ ಜೊತೆ ಮಾತಾಡುವಾಗ ತಲೆ ತಣ್ಣಗೆ ಇಟ್ಟುಕೊಳ್ಳುವುದು ಹೇಗೆ? ಸುಮ್ನೆ ಬಿಟ್ಟುಬಿಡು ಅಂತ ಮಾತ್ರ ಹೇಳಬೇಡಿ, ಅದು ನನ್ನಿಂದ ಆಗುವುದಿಲ್ಲ. ಮೇ ತಿಂಗಳಲ್ಲಿ ಅದೇ ಮದುವೆ ಇದೆ. ಅದೇ ಜನ, ಅದೇ ಪಂಕ್ತಿ.

ಉಣಕಲ್_ಕೆರೆ_ವಾಕಿಂಗ್

ತಮ್ಮಾ, ನಾನು ಹುಬ್ಬಳ್ಳಿಯವಳು. ವೀಗನ್ ಆಗಿ, ಅಂದರೆ ನಿನ್ನ ಹಾಗೆ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟು, ಒಂಬತ್ತು ವರ್ಷ ಆಯಿತು. ಮೊದಲ ಮೂರು ವರ್ಷ ನೀನು ಹೇಳಿದ ಥರದ ಜಗಳ ತಿಂಗಳಿಗೆ ಒಂದಾದರೂ ಆಗುತ್ತಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕಡೆ ಬಡಿಸಿದ್ದನ್ನು ಬೇಡ ಅಂದರೆ ಬರೀ ಆ ಪದಾರ್ಥ ಬೇಡ ಅಂದ ಹಾಗಲ್ಲ. ಬಡಿಸಿದ ಕೈ ಬೇಡ ಅಂದ ಹಾಗೆ. ಯಾರ ಮನೆಗೆ ಹೋದರೂ "ಚಹಾ ಕುಡಿದು ಹೋಗ್ರಿ" ಅಂತಾರೆ, ಬೇಡ ಅಂದರೆ ಮುಖ ಸಣ್ಣಗಾಗುತ್ತದೆ. ನಾನು ಚಹಾ ಬೇಡ ಅನ್ನುವುದನ್ನೇ ಬಿಟ್ಟೆ. "ನನಗೆ ಕರಿ ಚಹಾ ಮಾಡ್ರಿ, ಸ್ವಲ್ಪ ಶುಂಠಿ ಹಾಕ್ರಿ" ಅನ್ನುತ್ತೇನೆ. ಅವರಿಗೆ ಒಂದು ಕೆಲಸ ಸಿಗುತ್ತದೆ, ನನಗಾಗಿ ಏನೋ ಮಾಡಿಕೊಟ್ಟ ಸಮಾಧಾನ ಸಿಗುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಮೊದಮೊದಲು ನಾನು "ಹಾಲು ಒಗ್ಗುವುದಿಲ್ಲ" ಅಂತ ಸುಳ್ಳು ಹೇಳುತ್ತಿದ್ದೆ. ಅದು ಇನ್ನೂ ಕೆಟ್ಟದ್ದು. ಒಬ್ಬರು ದೇಸಿ ಆಕಳ ಹಾಲು ತಂದುಕೊಟ್ಟರು, ಇನ್ನೊಬ್ಬರು ಔಷಧ ಹೇಳಿದರು, ಕೊನೆಗೆ ನಿಜ ಗೊತ್ತಾದಾಗ ಮೋಸ ಮಾಡಿದಳು ಅಂತ ಆಯಿತು. ಈಗ ಒಂದೇ ಮಾತು: "ಕರುಗಳ ಸಲುವಾಗಿ ಬಿಟ್ಟೀನಿ. ನಿಮ್ಮ ಎಣ್ಣೆಗಾಯಿ ಇನ್ನೊಂದು ಹಾಕ್ರಿ." ಎರಡನೇ ಅರ್ಧವನ್ನು ಬಿಡಬೇಡ. ಹೊಟ್ಟೆ ತುಂಬ ಉಣ್ಣು. ಉಣ್ಣುವವನ ಮೇಲೆ ನಮ್ಮ ಜನಕ್ಕೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ.

ಇನ್ನು ಕಾಕಾ ಕೇಳಿದ್ದು. ಫಾರಿನ್ ಅಂದರೆ ಯಾಕೆ ಸಿಟ್ಟು ಬರಬೇಕು? ಹೌದು ಅನ್ನು. ವೀಗನ್ ಅನ್ನುವ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಡೊನಾಲ್ಡ್ ವಾಟ್ಸನ್ ಅನ್ನುವ ಶಾಲಾ ಮೇಷ್ಟ್ರು, ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದವರು, ಕೆಲವು ಜೊತೆಗಾರರ ಸಂಗಡ ವೀಗನ್ ಸೊಸೈಟಿ ಕಟ್ಟಿದರು. ಚಿಕ್ಕವರಿದ್ದಾಗ ಸೋದರಮಾವನೋ ಚಿಕ್ಕಪ್ಪನೋ, ಅಂತೂ ಮನೆಯವರದೇ ಹೊಲದಲ್ಲಿ ಹಂದಿ ಕೊಲ್ಲುವುದನ್ನು ನೋಡಿ ಅವರ ಮನಸ್ಸು ತಿರುಗಿತ್ತಂತೆ. ಅವರಿಗೂ ಎದುರಿಗೆ ನಿಂತವರು ಸ್ವಂತ ಮನೆಯವರೇ ಅಲ್ವಾ? ಪದ ಅಲ್ಲಿಂದ ಬಂತು ಕಾಕಾ, ಆದರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಜುಣಕದ ವಡೆ, ಗುರೆಳ್ಳು ಚಟ್ನಿ, ಅಗಸೆ ಹಿಂಡಿ, ಗಿರ್ಮಿಟ್ ಯಾವುದೂ ಅಲ್ಲಿಂದ ಬಂದಿಲ್ಲ ಅನ್ನು. ಇದನ್ನು ನಗುನಗುತ್ತಾ ಹೇಳಬಹುದು, ಯಾಕೆಂದರೆ ಇದು ನಿಜ.

ಗಿಡಕ್ಕೆ ಜೀವ ಅಂದರೆ, ಎಮ್ಮೆ ದಿನಕ್ಕೆ 25-30 ಕೆಜಿ ಹಸಿಮೇವು ತಿನ್ನುತ್ತದೆ, ಹಾಲು ಕುಡಿದರೆ ಗಿಡವೇನೂ ಉಳಿಯುವುದಿಲ್ಲ ಅನ್ನು. ಒಂದು ಸಲ ಸಾಕು. ಎರಡನೇ ಸಲ ಅದನ್ನೇ ಕೇಳಿದರೆ ಅದು ಪ್ರಶ್ನೆ ಅಲ್ಲ, ನಿನ್ನನ್ನು ಕೆಣಕುವ ಕೋಲು. ಕೋಲಿಗೆ ಉತ್ತರ ಕೊಡಬೇಕಾಗಿಲ್ಲ. ಚಪ್ಪಲಿಗೆ? ವೀಗನ್ ಸೊಸೈಟಿಯವರು ಕೊಟ್ಟ ಅರ್ಥದಲ್ಲೇ "ಸಾಧ್ಯವಾದಷ್ಟು" ಅನ್ನುವುದು ಇದೆ. ನನ್ನ ಹಳೆಯ ಚರ್ಮದ ಚಪ್ಪಲಿ ಹರಿಯುವ ತನಕ ಹಾಕಿದೆ. ಕೇಳಿದವರಿಗೆ ಹಾಗೇ ಹೇಳಿದೆ. ನಾನು ಪರಿಪೂರ್ಣ ಅಂತ ತೋರಿಸಿಕೊಳ್ಳಲು ಹೋದಾಗಲೇ ನನಗೆ ಜಾಸ್ತಿ ಸಿಟ್ಟು ಬರುತ್ತಿತ್ತು, ಸಿಕ್ಕಿಬೀಳುವ ಭಯಕ್ಕೆ.

ಕಿವಿ ಬಿಸಿಯಾಯಿತು ಅಂದೆಯಲ್ಲ, ಅದೇ ಗುರುತು. ಆ ಹೊತ್ತಿಗೆ ಬಾಯಿಂದ ಬರುವುದು ನಿನ್ನ ಮಾತಲ್ಲ. ನೀರಿನ ಲೋಟ ಎತ್ತು. ಉಸಿರು ಒಳಗೆ ತೆಗೆದುಕೊಂಡಿದ್ದಕ್ಕಿಂತ ನಿಧಾನಕ್ಕೆ ಹೊರಗೆ ಬಿಡು, ಎದೆ ಬಡಿತ ತಾನಾಗಿ ಇಳಿಯುತ್ತದೆ. "ಕಾಕಾ, ಉಂಡಾದ ಮ್ಯಾಲೆ ಹೊರಗ ಕೂತು ಮಾತಾಡೋಣ" ಅನ್ನು. ನೂರಕ್ಕೆ ತೊಂಬತ್ತು ಜನ ಹೊರಗೆ ಬಂದು ಕೂರುವುದೇ ಇಲ್ಲ. ನೋಡುವ ಜನ ಇಲ್ಲದಿದ್ದರೆ ಅವರಿಗೂ ಆ ಚರ್ಚೆ ಬೇಡ. ಬಂದು ಕೂತವರ ಜೊತೆ ಮಾತಾಡು, ಅವರಿಗೆ ನಿಜವಾಗಿ ಕೇಳಬೇಕಾಗಿದೆ.

ಅತ್ತೆ ವಿಷಯ ಮಾತ್ರ ಫೋನಿನಲ್ಲಿ ಸರಿ ಹೋಗುವುದಿಲ್ಲ. ಹೋಗಿ ಬಾ.

ಸವಣೂರು_ಎಮ್ಮಿ_ಮನಿ

ನಾನು ವೀಗನ್ ಅಲ್ಲ, ಆಗುವುದೂ ಇಲ್ಲ. ನಿಮ್ಮ ಅತ್ತೆಯ ಹಾಗೆ ನಾನೂ ಎಮ್ಮೆ ಕಟ್ಟಿದವಳು. ನಾಲ್ಕು ಇವೆ. ಓದಿ ಎದೆಗೆ ಚುಚ್ಚಿದ ಹಾಗೆ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಸಗಣಿ ಬಾಚಿ, ಕಣಕಿ ಹಾಕಿ, ಹಿಂಡಿ ನೆನೆಸಿಟ್ಟು, ಹಾಲು ಕರೆದು ಮುಗಿಸುವ ಹೊತ್ತಿಗೆ ಬೆಳಕಾಗುತ್ತದೆ. ಕರುವಿನ ಬಾಯಿಂದ ಕಿತ್ತುಕೊಳ್ಳುತ್ತೇವೆ ಅಂದಿರಿ. ಕರು ಮೊದಲು ಕೆಚ್ಚಲಿಗೆ ಬಾಯಿ ಹಾಕದಿದ್ದರೆ ನಮ್ಮ ಎಮ್ಮೆಗಳು ಹಾಲು ಇಳಿಸುವುದೇ ಇಲ್ಲ. ಮೊದಲು ಕರು, ಕೊನೆಗೂ ಕರು. ನಡುವೆ ನಾವು. ಡೇರಿಯಲ್ಲಿ ಫ್ಯಾಟ್ ನೋಡಿ ರೇಟ್ ಕೊಡುತ್ತಾರೆ, ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಆ ದುಡ್ಡು ನನ್ನ ಹೆಸರಿನ ಖಾತೆಗೆ ಬರುತ್ತದೆ. ಹೊಲದ ದುಡ್ಡು ಯಾವತ್ತೂ ನನ್ನ ಕೈಗೆ ಬಂದಿಲ್ಲ. ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿ ಹೋಯಿತು, ಗೋವಿನಜೋಳ ಹೋಯಿತು, ಎಮ್ಮೆ ಉಳಿಸಿತು. ಇದನ್ನು ತಿಳಿಯದೆ ನಾಚಿಕೆ ಇಲ್ವಾ ಅಂದರೆ ಹೇಗೆ?

ಆದರೆ ಸುಳ್ಳು ಹೇಳುವುದಿಲ್ಲ. ಹೆಣ್ಣು ಕರು ಹುಟ್ಟಿದರೆ ಮನೆಯಲ್ಲಿ ಖುಷಿ. ಕೋಣಗರು ಹುಟ್ಟಿದರೆ ಯಾರೂ ಮಾತಾಡುವುದಿಲ್ಲ. ಹೋರಿಯನ್ನಾದರೆ ಗಳೇವಿಗೆ ಕಟ್ಟುತ್ತಿದ್ದರು, ಹಬ್ಬಕ್ಕೆ ಓಡಿಸುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಅದೂ ಕಡಿಮೆ. ಕೋಣಕ್ಕೆ ಯಾವ ಕೆಲಸ ಇದೆ? ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಒಯ್ಯುವವರು ಬಂದ ದಿನ ನಾನು ಕೊಟ್ಟಿಗೆ ಕಡೆ ಹೋಗುವುದಿಲ್ಲ. ತಾಯಿ ಎರಡು ದಿನ ಕೂಗುತ್ತದೆ. ನೀವು ಯೂಟ್ಯೂಬಿನಲ್ಲಿ ನೋಡಿದ್ದನ್ನು ನಾನು ಕೈಯಲ್ಲಿ ಹಗ್ಗ ಹಿಡಿದು ನೋಡಿದ್ದೇನೆ.

ಅದಕ್ಕೇ ಹೇಳುವುದು, ನಮಗೆ ಹೇಳಬೇಡಿ, ನಮ್ಮನ್ನು ಕೇಳಿ. ಇಷ್ಟು ವರ್ಷದಲ್ಲಿ ಆ ಕೂಗಿನ ವಿಷಯ ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಕೆಲಗೇರಿ_ವಿದ್ಯಾರ್ಥಿ

ಎಲ್ಲರೂ ತಗ್ಗಿ ಬಗ್ಗಿ ನಡಿ ಅಂತಲೇ ಹೇಳುತ್ತಿದ್ದೀರಿ. ನನಗೆ ಇದು ಪೂರ್ತಿ ಸರಿ ಕಾಣುವುದಿಲ್ಲ. ಕಾಕಾ ಹತ್ತು ಜನರ ಮುಂದೆ ಅವಮಾನ ಮಾಡಿದಾಗ ಯಾರಿಗೂ ತಪ್ಪು ಅನ್ನಿಸಲಿಲ್ಲ, ಹುಡುಗ ದನಿ ಏರಿಸಿದಾಗ ಮಾತ್ರ ತಪ್ಪಾಯಿತು. ಎರಡು ದಿನ ಕೂಗುವ ಎಮ್ಮೆಯ ಸಲುವಾಗಿ ಯಾರಾದರೂ ಸಿಟ್ಟಾಗಬೇಕಲ್ವಾ? ನಾನು ಕಾಲೇಜಿನಲ್ಲಿ ಜಗಳ ಮಾಡಿಯೇ ಹಾಸ್ಟೆಲ್ ಮೆಸ್ಸಿನಲ್ಲಿ ತುಪ್ಪ ಹಾಕದ ಸಾರು ಬೇರೆ ಇಡಿಸಿದೆ. ಮೆತ್ತಗೆ ಕೇಳಿದಾಗ ಆರು ತಿಂಗಳು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಉಣಕಲ್_ಕೆರೆ_ವಾಕಿಂಗ್

ಸಿಟ್ಟು ಬರುವುದು ತಪ್ಪಲ್ಲಪ್ಪಾ. ನನಗೆ ಈಗಲೂ ಬರುತ್ತದೆ. ಮೆಸ್ಸಿನವರು ನಿನ್ನ ದುಡ್ಡು ತೆಗೆದುಕೊಂಡವರು, ಅಲ್ಲಿ ಜೋರಾಗಿ ಕೇಳಬಹುದು, ಕೇಳಬೇಕು ಕೂಡ. ಇಲ್ಲಿ ಹುಡುಗ ಕಾಕಾನ ಮೇಲಿನ ಸಿಟ್ಟಿನಲ್ಲಿ ಕಲ್ಲು ಎಸೆದ, ಅದು ಅತ್ತೆಗೆ ಬಿತ್ತು. ತಲೆ ತಣ್ಣಗಿರಬೇಕು ಅನ್ನುವುದು ಕಾಕಾನ ಮರ್ಯಾದೆಗಲ್ಲ. ಗುರಿ ತಪ್ಪದಿರಲಿ ಅಂತ.

ಬೆಟಗೇರಿ_ಮಗ್ಗ

ಗದಗಿನಿಂದ. ನಾವು ಸಾವಜಿ ಜನ. ಮನೆಯಲ್ಲಿ ವಾರಕ್ಕೆ ಎರಡು ಸಲ ಮಟನ್ ಆಗುತ್ತದೆ, ಅಜ್ಜಿಯ ಕಾಲದ ಮಸಾಲೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಈ ಮಾತಿನಲ್ಲಿ ನನ್ನಂಥವನ ಕಡೆಯದೂ ಒಂದು ಇರಲಿ ಅಂತ.

ಧಾರವಾಡದಲ್ಲಿ ಓದುವಾಗ ರೂಮ್ ಹುಡುಕಿಕೊಂಡು ಒಂದು ವಾರ ತಿರುಗಿದ್ದೇನೆ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಆಮೇಲೆ ಮೆಲ್ಲಗೆ "ನೀವು ತಿನ್ನೋರಾ?" ಅಂತಾರೆ. ಏನು ಅಂತ ಹೇಳುವುದೂ ಇಲ್ಲ, ಬರೀ ತಿನ್ನೋರು. ಹೌದು ಅಂದರೆ ರೂಮ್ ಖಾಲಿ ಇಲ್ಲ. ಇದು ನನ್ನ ಅಪ್ಪನಿಗೂ ಆಗಿದೆ. ಹೀಗಿರುವಾಗ ಯಾರಾದರೂ ಪ್ರಾಣಿ ದಯೆ ಅಂತ ಬಾಯಿ ತೆರೆದರೆ ನಮಗೆ ಪ್ರಾಣಿ ಕೇಳಿಸುವುದಿಲ್ಲ. ಆ ಮನೆ ಮಾಲೀಕರ ದನಿ ಕೇಳಿಸುತ್ತದೆ. ನೀವು ಹಾಗೆ ಹೇಳಿರಲಿಕ್ಕಿಲ್ಲ, ಆದರೂ ಕೇಳಿಸುತ್ತದೆ. ನಮ್ಮ ಜೊತೆ ಮಾತಾಡುವಾಗ ಇದು ಗೊತ್ತಿದ್ದರೆ, ನಾವು ಯಾಕೆ ಅಷ್ಟು ಬೇಗ ಉರಿದೇಳುತ್ತೇವೆ ಅಂತ ತಿಳಿಯುತ್ತದೆ. ಅರ್ಥವಾದ ಮೇಲೆ ನಿಮಗೂ ಅಷ್ಟು ಸಿಟ್ಟು ಬರಲಿಕ್ಕಿಲ್ಲ.

ನನ್ನ ಗೆಳೆಯನೊಬ್ಬ ವೀಗನ್ ಆದ. ಅವನು ಮೊದಲು ಮಾತಾಡಿದ್ದು ತನ್ನ ಮನೆಯವರ ಹಾಲಿನ ಬಗ್ಗೆ, ನನ್ನ ಮಟನ್ ಬಗ್ಗೆ ಅಲ್ಲ. "ನಮ್ಮ ಮನೆಯವರು ತಾವು ಏನೂ ಕೊಲ್ಲುವುದಿಲ್ಲ ಅಂದುಕೊಂಡಿದ್ದಾರೆ, ಕೋಣಗರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದಿಲ್ಲ" ಅಂದ. ಇನ್ನೊಂದು ಸಲ ರೇಷ್ಮೆ ಬಗ್ಗೆ ಕೇಳಿದ. ನಾವು ನೇಯುವ ಮನೆಯವರು, ಗೂಡನ್ನು ಹುಳು ಒಳಗಿರುವಾಗಲೇ ಬಿಸಿನೀರಿಗೆ ಹಾಕುತ್ತಾರೆ, ಒಂದು ಸೀರೆಗೆ ಸಾವಿರಾರು ಗೂಡು ಹೋಗುತ್ತವೆ ಅಂತ ನನಗೆ ಗೊತ್ತೇ ಇತ್ತು. ಆದರೆ ಅಲ್ಲಿಯವರೆಗೆ ಹುಳುವಿನ ಲೆಕ್ಕದಲ್ಲಿ ಯೋಚನೆ ಮಾಡಿರಲಿಲ್ಲ. ಅವನ ಎದುರಿಗೆ ನಾನು ಕೀಳು ಅಂತ ಯಾವತ್ತೂ ಅನ್ನಿಸಿಲ್ಲ. ಅವನ ಜೊತೆ ನಾನು ಎರಡು ತಾಸು ವಾದ ಮಾಡಬಲ್ಲೆ, ಮರುದಿನ ಇಬ್ಬರೂ ಸೇರಿ ಮಿರ್ಚಿ ಗಿರ್ಮಿಟ್ ತಿನ್ನುತ್ತೇವೆ. ನಾನು ಮಟನ್ ಬಿಟ್ಟಿಲ್ಲ. ಅವನೂ ಕೇಳುವುದನ್ನು ಬಿಟ್ಟಿಲ್ಲ.

ಲ್ಯಾಬ್_ಹುಬ್ಬಳ್ಳಿ

ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ನಾನೂ ಐದು ವರ್ಷದಿಂದ ವೀಗನ್. ಒಂದೇ ವಿಷಯ ಹೇಳಿ ಹೋಗುತ್ತೇನೆ.

ಜಗಳದಲ್ಲಿ ನಮ್ಮ ದನಿ ಏರುವುದು ಹೆಚ್ಚಾಗಿ ನಮ್ಮ ಕಾಲ ಕೆಳಗಿನ ನೆಲ ಗಟ್ಟಿ ಇಲ್ಲದ ಕಡೆ. ನನಗೆ ಅದು ಬಿ12 ವಿಟಮಿನ್ ಆಗಿತ್ತು. ಅಣ್ಣ ಕೇಳಿದ, ಹಾಲೂ ಇಲ್ಲದೆ ಬಿ12 ಎಲ್ಲಿಂದ ಬರುತ್ತದೆ ಅಂತ. ಇಡ್ಲಿ ಹಿಟ್ಟಿನ ಹುಳಿಯಲ್ಲಿ ಇರುತ್ತದೆ, ತೊಳೆಯದ ಸೊಪ್ಪಿನಲ್ಲಿ ಇರುತ್ತದೆ ಅಂತ ಏನೇನೋ ಹೇಳಿದೆ, ಕೂಗಾಡಿದೆ. ಅವನು ಸರಿ ಇದ್ದ. ಬಿ12 ಮಾಡುವುದು ಬ್ಯಾಕ್ಟೀರಿಯಾ, ಗಿಡದ ಊಟದಲ್ಲಿ ನಂಬಿಕೊಳ್ಳುವಷ್ಟು ಅದು ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಬೇಕೇ ಬೇಕು. ಲಿವರಿನಲ್ಲಿ ವರ್ಷಗಟ್ಟಲೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಬಿಟ್ಟ ತಕ್ಷಣ ಗೊತ್ತಾಗುವುದಿಲ್ಲ. ಆಮೇಲೆ ಸುಸ್ತು, ಪಾದದಲ್ಲಿ ಜುಮುಜುಮು, ಮರೆವು ಶುರುವಾಗುತ್ತದೆ. ಬಹಳ ದಿನ ಬಿಟ್ಟರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗದೇ ಇರಬಹುದು.

ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೂ ಬಿ12 ಕಡಿಮೆ ಇರುವವರು ಬಹಳ ಜನ. ಆದರೆ ಅದನ್ನು ಎದುರು ಮಾತಾಗಿ ಎಸೆಯಬೇಡಿ. "ಹೌದು, ಅದಕ್ಕೆ ಮಾತ್ರೆ ತಗೋತೀನಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ತೀನಿ" ಅನ್ನಿ. ಎಷ್ಟು ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ. ನಾನು ಹಾಗೆ ಅಂದ ದಿನ ಅಣ್ಣ ಸುಮ್ಮನಾದ. ಅವನಿಗೆ ಗೆಲ್ಲಬೇಕಾಗಿರಲಿಲ್ಲ, ತಮ್ಮನಿಗೆ ಏನಾದರೂ ಆದೀತು ಅಂತ ಹೆದರಿಕೆ ಇತ್ತು. ಸಾಧನಕೇರಿಯವರೇ, ಎರಡು ವರ್ಷ ಆಯಿತು ಅಂದಿರಿ, ಪರೀಕ್ಷೆ ಮಾಡಿಸಿದ್ದೀರಾ?

ಸಾಧನಕೇರಿ_ಹುಡುಗ

ಇಲ್ಲ, ಮಾಡಿಸಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಮಾಡಿಸಿದೆ, ಕಡಿಮೆ ಬಂದಿದೆ. ಮಾತ್ರೆ ಶುರು ಮಾಡಿದ್ದೇನೆ. ಅಮ್ಮನಿಗೆ ರಿಪೋರ್ಟ್ ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಈಗ ದಿನಾ ರಾತ್ರಿ ಮಾತ್ರೆ ನುಂಗಿದೆಯಾ ಅಂತ ಅವಳೇ ಕೇಳುತ್ತಾಳೆ.

ಭಾನುವಾರ ಅತ್ತೆ ಊರಿಗೆ ಹೋಗಿದ್ದೆ. ಫೋನ್ ಮಾಡದೆ ಹೋದೆ, ಮಾಡಿದ್ದರೆ ಬೇಡ ಅನ್ನುತ್ತಿದ್ದರೇನೋ. ಬಾಗಿಲಲ್ಲಿ ನೋಡಿ ಏನೂ ಅನ್ನಲಿಲ್ಲ. ಕಾಲಿಗೆ ನೀರು ಕೊಟ್ಟರು. "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದೆ. "ಆತು ಬಿಡು" ಅಂದು ಕೊಟ್ಟಿಗೆಗೆ ಹೋದರು. ಹಿಂದೆ ಹೋದೆ.

ಸವಣೂರಿನ ಅಕ್ಕ ಹೇಳಿದ ಹಾಗೆ ಕೇಳಿದೆ. ಹೇಳಲಿಕ್ಕೆ ಬಾಯಿ ತುದಿಗೆ ಬಹಳ ಬಂದಿತ್ತು, ತಡೆದೆ. ಯಾವ ಎಮ್ಮೆ ಎಷ್ಟನೇ ಸೂಲು, ಯಾವುದು ಒದೆಯುತ್ತದೆ, ಯಾವುದಕ್ಕೆ ಅವರ ದನಿ ಮಾತ್ರ ಗುರುತು, ಎಲ್ಲ ಹೇಳಿದರು. ಕೊನೆಯ ಕಂಬಕ್ಕೆ ಕಟ್ಟಿದ ಎಮ್ಮೆಯ ಹತ್ತಿರ ಕರು ಇರಲಿಲ್ಲ. ಇದರ ಕರು ಅಂತ ಕೇಳಿದೆ. ಬಹಳ ಹೊತ್ತು ಕೆಚ್ಚಲು ತೊಳೆಯುತ್ತಾ ಕೂತರು. "ಗಂಡು ಇತ್ತು" ಅಂದರು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ. ಆ ಹೊತ್ತಿನಲ್ಲಿ ನನ್ನೊಳಗೆ ಸಿಟ್ಟು ಹುಡುಕಿದರೂ ಇರಲಿಲ್ಲ, ಎದುರಿಗೆ ಕೂತವರಿಗೆ ನನಗಿಂತ ಜಾಸ್ತಿ ಗೊತ್ತಿತ್ತು.

ಮಧ್ಯಾಹ್ನ ಬಿಸಿ ರೊಟ್ಟಿ, ಅಗಸೆ ಹಿಂಡಿ, ಎಣ್ಣೆ ಬದನೆಕಾಯಿ. ಐದು ರೊಟ್ಟಿ ಉಂಡೆ. ಮೊಸರಿನ ಗಡಿಗೆ ಹಿಡಿದುಕೊಂಡು ಬಂದವರು ನನ್ನ ತಾಟಿನ ಹತ್ತಿರ ನಿಂತು, ಹಾಗೇ ವಾಪಸ್ ಹೋದರು. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ಏನು ಹೇಳಬೇಕು ತಿಳಿಯದೆ, ಶೇಂಗಾದಿಂದಲೂ ಮೊಸರು ಮಾಡುತ್ತಾರೆ ಅತ್ತಿ ಅಂದೆ. "ಮಾಡ್ಕೊ. ಆದ್ರ ಅದಕ್ಕ ಮೊಸರು ಅನಬ್ಯಾಡ" ಅಂದರು. ಮೊದಲಾಗಿದ್ದರೆ ಆ ಪದಕ್ಕೇ ಅರ್ಧ ತಾಸು ವಾದ ಮಾಡುತ್ತಿದ್ದೆ. ಆಯಿತು ಅನ್ನಲ್ಲ ಅಂದೆ. ಬರುವಾಗ ಚೀಲದಲ್ಲಿ ಎರಡು ಕೆಜಿ ಹೊಲದ ಶೇಂಗಾ ಹಾಕಿ ಕೊಟ್ಟಿದ್ದಾರೆ.

ಕಾಕಾನ ಜೊತೆ ಏನೂ ಸರಿಯಾಗಿಲ್ಲ. ಮೇ ತಿಂಗಳಲ್ಲಿ ನೋಡಬೇಕು. ನೀರಿನ ಲೋಟ ಅಂತೂ ಹತ್ತಿರ ಇಟ್ಟುಕೊಳ್ಳುತ್ತೇನೆ.

ಉಣಕಲ್ ಅಕ್ಕಾ, ಶೇಂಗಾ ಹಾಲು ಹೆಪ್ಪು ಹಾಕುವುದು ನಿಮಗೆ ಗೊತ್ತಾ? ನಾನು ಎರಡು ಸಲ ಮಾಡಿದೆ, ನೀರು ಬೇರೆ ಗಸಿ ಬೇರೆ ಆಯಿತು.

ಉಣಕಲ್_ಕೆರೆ_ವಾಕಿಂಗ್

ನೀರು ಜಾಸ್ತಿ ಹಾಕಿರುತ್ತೀಯ. ಒಂದು ಬಟ್ಟಲು ಶೇಂಗಾ ರಾತ್ರಿ ನೆನೆಸಿ ಸಿಪ್ಪೆ ತೆಗೆ, ಎರಡೂವರೆ ಬಟ್ಟಲು ನೀರು ಸಾಕು, ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಹತ್ತು ನಿಮಿಷ ಕುದಿಸು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಹಸಿಮೆಣಸಿನಕಾಯಿ ತೊಟ್ಟು ಆರೇಳು ಹಾಕಿ ಮುಚ್ಚಿಡು. ಈಗಿನ ಬಿಸಿಲಿಗೆ ಎಂಟು ತಾಸಿನಲ್ಲಿ ಕೂರುತ್ತದೆ. ಮೊದಲ ಸಲದ್ದು ಸ್ವಲ್ಪ ಖಾರ ವಾಸನೆ ಬರಬಹುದು. ಅದರಿಂದ ಒಂದು ಚಮಚ ತೆಗೆದು ಎರಡನೇ ಸಲ ಹೆಪ್ಪು ಹಾಕು, ಅದು ಚೆನ್ನಾಗಿರುತ್ತದೆ. ಅತ್ತೆಗೆ ಒಯ್ಯುವುದಾದರೆ ಎರಡನೇ ಸಲದ್ದನ್ನು ಒಯ್ಯು.